ಪ್ಯಾರಬೆನ್ ಫ್ರೀ ಎಂದಿದ್ದರಷ್ಟೇ ಸಾಲದು
ಶಾಂಪೂ, ಲೋಷನ್‌ಗಳು ಕೆಡದಂತೆ ಹಾಕುವ ರಾಸಾಯನಿಕಗಳೇ ಪ್ಯಾರಬೆನ್‌ಗಳು. ಅವನ್ನು ದೂರವಿಡಲು ‘ಪ್ಯಾರಬೆನ್ ಫ್ರೀ’ ಎಂದಿರುವುದನ್ನು ನೋಡಿ ಕೊಂಡರೆ ಸಾಕು ಎಂದು ಲೇಖನವೊಂದರಲ್ಲಿ ಓದಿದೆ. ಸಾಲದು. ಬಾಟಲಿ ತಿರುಗಿಸಿ, ಹಿಂಬದಿಯ ಸಣ್ಣಕ್ಷರಗಳಲ್ಲಿ ‘ಫ್ರಾಗ್ರೆನ್ಸ್’ ಅಥವಾ ‘ಪರ್ಫ್ಯೂಮ್’ ಇದೆಯೇ ನೋಡಿ. ಪರಿಮಳ ಬೇಗ ಹಾರಿಹೋಗದಂತೆ ಹಿಡಿದಿಡುವ ಡೈಈಥೈಲ್ ಥ್ಯಾಲೇಟ್ (ಹಾರ್ಮೋನುಗಳಿಗೆ ಅಡ್ಡಿಪಡಿಸುವ ಶಂಕೆಯಿರುವ ಥ್ಯಾಲೇಟ್ ಗುಂಪಿನ ರಾಸಾಯನಿಕ) ಆ ಒಂದೇ ಪದದೊಳಗೆ ಅಡಗಿರಬಹುದು. ‘ಅನ್‌ಸೆಂಟೆಡ್’ ಅಂತಿದ್ದರೂ ನಂಬಬೇಡಿ, ಮೂಲ ವಾಸನೆ ಮುಚ್ಚಲು ಸುಗಂಧ ಹಾಕಿರುವುದುಂಟು.

ಇನ್ನು ಪ್ಯಾರಬೆನ್‌ಗಳೆಲ್ಲ ಒಂದೇ ಅಲ್ಲ. ಮೀಥೈಲ್, ಈಥೈಲ್‌ಗಿಂತ ಪ್ರೊಪೈಲ್, ಬ್ಯುಟೈಲ್‌ಗಳ ಈಸ್ಟ್ರೊಜೆನ್ (ಸ್ತ್ರೀ ಹಾರ್ಮೋನ್) ತರಹದ ಗುಣ ಹೆಚ್ಚು. ಐರೋಪ್ಯ ಒಕ್ಕೂಟ 2014ರಲ್ಲಿ ಸೌಂದರ್ಯವರ್ಧಕಗಳಲ್ಲಿ ಪ್ರೊಪೈಲ್, ಬ್ಯುಟೈಲ್‌ಗಳ ಒಟ್ಟು ಮಿತಿಯನ್ನು 0.14%ಕ್ಕೆ ಇಳಿಸಿದ್ದು ಅದಕ್ಕೇ.

ಮೊದಲು ಬದಲಿಸಬೇಕಾದ್ದು ತೊಳೆದುಹೋಗುವ ಶಾಂಪೂ ಅಲ್ಲ, ಹಚ್ಚಿ ಹಾಗೇ ಬಿಡುವ ಲೋಷನ್. ದೇಹ ಸೇರಿದ ಪ್ಯಾರಬೆನ್, ಥ್ಯಾಲೇಟ್‌ಗಳು ಒಂದೆರಡು ದಿನದಲ್ಲೇ ಬಹುಪಾಲು ಮೂತ್ರದಲ್ಲಿ ಹೊರಹೋಗುತ್ತವೆ. ‘ಡಿಟಾಕ್ಸ್’ ಪುಡಿಗಳಿಗೆ ದುಡ್ಡು ಸುರಿಯಬೇಕಿಲ್ಲ.