ರಿಸ್ಕ್ ವಿಭಾಗದ ಕನಸಿರುವ ನಮ್ಮ ಕಡೆಯ ಹುಡುಗರಿಗೆ

ಬ್ಯಾಂಕ್ ಸೇರಿ ಒಂದೆರಡು ವರ್ಷ ಆಗಿರುವ ಸಿಂಧನೂರು, ಮಾನ್ವಿ ಕಡೆಯ ಹುಡುಗರು ಆಗಾಗ ಕೇಳುತ್ತಾರೆ: "ಸರ್, ರಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಬೇಕು. ಈ ಹಳ್ಳಿ ಬ್ರಾಂಚ್‌ನಿಂದ ಯಾವಾಗ ಬಿಡುಗಡೆ?"

ಬಿಡುಗಡೆ ಯಾಕ್ರಪ್ಪಾ? ಬ್ಯಾಂಕಿಗೆ ನಷ್ಟ ಎಲ್ಲಿಂದ ಬರಬಹುದು ಅಂತ ಮೊದಲೇ ಅಳೆಯುವುದೇ ರಿಸ್ಕ್ ವಿಭಾಗದ ಕೆಲಸ. ಸಾಲ ಹೇಗೆ ಕೆಡುತ್ತದೆ ಅನ್ನೋದನ್ನು ಕಣ್ಣಾರೆ ನೋಡುವ ಜಾಗ ಅದೇ ಅಲ್ವಾ?

ಪಹಣಿಯಲ್ಲಿ ಭತ್ತ, ನೀರಾವರಿ ಅಂತ ಇರುತ್ತದೆ. ಹೊಲಕ್ಕೆ ಹೋದರೆ ಅದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಪಕ್ಕದ ಹೊಲದವರನ್ನು ಕೇಳಿ. "ಎರಡನೇ ಬೆಳಿಗೆ ಇಲ್ಲಿತನಕ ನೀರು ಎಲ್ಲಿ ಬರ್ತಾವ್ರೀ ಸಾಹೇಬ್ರ" ಅನ್ನುತ್ತಾರೆ. ಎರಡು ಬೆಳೆ ಲೆಕ್ಕ ಹಾಕಿ ಕೊಟ್ಟ ಸಾಲ ಅಲ್ಲೇ ಅರ್ಧ ಕೆಟ್ಟಿತು. ಭತ್ತದಂಥ ಬೆಳೆ ಸಾಲ ಎನ್‌ಪಿಎ, ಅಂದರೆ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುವುದು ಎರಡು ಹಂಗಾಮು ಬಾಕಿ ಉಳಿದ ಮೇಲೆ. ಕಂಪ್ಯೂಟರ್ ಅದನ್ನು ಆಮೇಲೆ ತೋರಿಸುತ್ತದೆ, ಹೊಲ ಮೊದಲೇ ಹೇಳಿರುತ್ತದೆ.

ಇನ್ನು ಕಾನ್ಸಂಟ್ರೇಷನ್ ರಿಸ್ಕ್, ಅಂದರೆ ಎಲ್ಲ ಸಾಲವೂ ಒಂದೇ ಆಧಾರದ ಮೇಲೆ ನಿಂತಿರುವ ಅಪಾಯ. ಪುಸ್ತಕದಲ್ಲಿ ಒಂದು ಪ್ಯಾರಾ, ನಮ್ಮಲ್ಲಿ ಇಡೀ ಜಿಲ್ಲೆ. ರೈತ, ಗೊಬ್ಬರದಂಗಡಿ, ಟ್ರ್ಯಾಕ್ಟರ್, ರೈಸ್ ಮಿಲ್ಲು ಅಂತ ನಾಲ್ಕು ಬಗೆಯ ಸಾಲ ಕೊಟ್ಟಿರುತ್ತೇವೆ. ನಾಲ್ಕಕ್ಕೂ ಆಧಾರ ಒಂದೇ ಡ್ಯಾಮು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ಇದು ಎಲ್ಲರಿಗೂ ಅರ್ಥವಾಗಬೇಕಿತ್ತು. ಬಳ್ಳಾರಿಯವರಿಗೆ ಈ ಪಾಠ 2011ರಲ್ಲೇ ಆಗಿದೆ. ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು, ಸಾಲದಲ್ಲಿ ತಂದ ಟಿಪ್ಪರ್‌ಗಳು ನಿಂತಲ್ಲೇ ನಿಂತವು. ಕಂತು ಮಾತ್ರ ನಿಲ್ಲಲಿಲ್ಲ.

ಬ್ರಾಂಚ್‌ನಲ್ಲಿ ಎಲ್ಲವೂ ಸಿಗುವುದಿಲ್ಲ, ನಿಜ. ಮಾರ್ಕೆಟ್ ರಿಸ್ಕ್, ಬಾಂಡ್ ಬೆಲೆ, ಬಾಸೆಲ್ ಲೆಕ್ಕಾಚಾರ (ಬ್ಯಾಂಕ್ ಎಷ್ಟು ಬಂಡವಾಳ ಇಟ್ಟುಕೊಳ್ಳಬೇಕು ಅನ್ನುವ ಅಂತರರಾಷ್ಟ್ರೀಯ ನಿಯಮ), ಇವನ್ನು ಕೂತು ಓದಲೇಬೇಕು. ಬ್ಯಾಂಕ್ ನೌಕರರ ಪರೀಕ್ಷೆಗಳಲ್ಲಿ ಮೊದಲನೆಯದಾದ ಜೆಎಐಐಬಿ ಮುಗಿಸಿ, ಮುಂದಿನದಾದ ಸಿಎಐಐಬಿಯಲ್ಲಿ ರಿಸ್ಕ್ ಮ್ಯಾನೇಜ್‌ಮೆಂಟ್ ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಿ. ಇಂಗ್ಲಿಷ್, ಗಣಿತ ಎರಡೂ ಕೈಗೆ ಹತ್ತಿದರೆ ಎಫ್‌ಆರ್‌ಎಂ ಅನ್ನುವ ಅಂತರರಾಷ್ಟ್ರೀಯ ರಿಸ್ಕ್ ಪರೀಕ್ಷೆ ನೋಡಿ, ಅದರಲ್ಲಿ ಎರಡು ಭಾಗ ಇವೆ. ಎಕ್ಸೆಲ್ ಚೆನ್ನಾಗಿ ಬರಲೇಬೇಕು.

ಆದರೆ ಇಂಟರ್‌ವ್ಯೂಗೆ ಹೋಗುವಾಗ ಸರ್ಟಿಫಿಕೇಟ್ ಜೊತೆ ನೀವೇ ನೋಡಿದ ಒಂದು ಕೆಟ್ಟ ಸಾಲದ ಕಥೆಯೂ ಇರಲಿ. ಎಸ್‌ಎಂಎ ಪಟ್ಟಿಗೆ (ಕೆಡುವ ಲಕ್ಷಣ ತೋರಿಸಿದ ಸಾಲಗಳ ಪಟ್ಟಿ) ಬರುವ ಮೊದಲು ಆ ಖಾತೆಯಲ್ಲಿ ಏನು ಬದಲಾಗಿತ್ತು? ವಹಿವಾಟು ಯಾವ ತಿಂಗಳಿಂದ ಕಡಿಮೆಯಾಯಿತು? ಗೋದಾಮಿನಲ್ಲಿ ಸ್ಟಾಕ್ ಎಷ್ಟಿತ್ತು, ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿ ಎಷ್ಟು ಬರೆದಿದ್ದರು? ಇಷ್ಟನ್ನು ಈಗಿನಿಂದಲೇ ಒಂದು ಡೈರಿಯಲ್ಲಿ ಬರೆದಿಡಿ, ಗಿರಾಕಿಯ ಹೆಸರು ಮಾತ್ರ ಬೇಡ.