ಗಾಳಿಪಟ ಹಿಡಿದವನದೇ ಹೊಣೆ

ಕೈಟ್‌ಸರ್ಫಿಂಗ್ ಅಂದರೆ ಸೊಂಟಕ್ಕೆ ದೊಡ್ಡ ಗಾಳಿಪಟ ಸಿಕ್ಕಿಸಿಕೊಂಡು, ಕಾಲಡಿ ಹಲಗೆ ಇಟ್ಟುಕೊಂಡು, ಗಾಳಿಯ ಬಲದಲ್ಲೇ ನೀರಿನ ಮೇಲೆ ಓಡುವ ಆಟ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಇದಕ್ಕೆ ಜಾಗ ಸಿಕ್ಕಿತು. ಸ್ಪರ್ಧೆ ನಡೆದದ್ದು ಮಾರ್ಸೇ ಕಡಲಲ್ಲಿ. ಹುಬ್ಬಳ್ಳಿಯಲ್ಲಿರುವ ನನ್ನ ಅಕ್ಕನ ಮಗ ಅದನ್ನು ನೋಡಿ ಹುಚ್ಚು ಹಿಡಿಸಿಕೊಂಡ. ಗೋವಾದ ಮೋರ್ಜಿಮ್‌ಗೆ ಹೋಗಿ ಕಲಿತೂ ಬಂದ. ಈಗ ಅವನ ಗೆಳೆಯರಿಗೂ ಆಸೆ. ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿದರೆ ನಮ್ಮದೇ ಕಡಲು ಸಿಗುತ್ತದೆ, ಗೋಕರ್ಣದಲ್ಲೇ ಆಡೋಣ ಅಂತ ಲೆಕ್ಕ ಹಾಕುತ್ತಿದ್ದಾರೆ.

ನಾನು ಗದಗದವನು. ಇರುವುದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಅಲ್ಲಿ ಈ ಆಟ ನನ್ನ ಬೇಸಿಗೆಯ ಸಂಜೆಗಳನ್ನೆಲ್ಲ ತಿಂದುಹಾಕಿದೆ. ಊರಿಗೆ ಬಂದಾಗ ಈ ಹುಡುಗರ ಉತ್ಸಾಹ ಕಂಡು ಖುಷಿಯಾಯಿತು. ಆದರೆ ಜನ ತುಂಬಿದ ಬೀಚ್ ಬೇಡ ಅಂದೆ. ಅಳಿಯ ಕೂಡಲೇ ಕೇಳಿದ: "ಮಾಮಾ, ಅಲ್ಲೆ ಕೈಟ್ ಹಾರಿಸಬ್ಯಾಡ್ರಿ ಅಂತ ಬೋರ್ಡ್ ಎಲ್ಲೈತ್ರಿ? ಮತ್ತ್ಯಾಕ ಬ್ಯಾಡ?"

ಈ ಪ್ರಶ್ನೆ ನನಗೆ ಪರ್ತ್‌ನಲ್ಲೂ ಕೇಳಿ ಗೊತ್ತು. ಅಲ್ಲಿ ಎಲ್ಲವೂ ಗುರುತಿನ ಮೇಲೆ ನಡೆಯುತ್ತದೆ. ಬೀಚ್ ಮೇಲೆ ಕೆಂಪು-ಹಳದಿ ಬಾವುಟ ಎರಡು ನೆಟ್ಟಿದ್ದರೆ ಅವುಗಳ ನಡುವೆ ಈಜುವವರು ಮಾತ್ರ. ಸರ್ಫ್ ಹಲಗೆಯವರೂ ಇಲ್ಲ, ಕೈಟ್‌ನವರೂ ಇಲ್ಲ. ಚಿಕ್ಕ ಮಕ್ಕಳಿಗೂ ಇದು ಗೊತ್ತು. ಒಳ್ಳೆಯ ಪದ್ಧತಿ. ಆದರೆ ಅದರ ಜೊತೆಗೇ ಒಂದು ಕೆಟ್ಟ ರೂಢಿಯೂ ಬೆಳೆದಿದೆ: ಬಾವುಟ ಇಲ್ಲದ ಕಡೆ ಏನು ಮಾಡಿದರೂ ನಡೆಯುತ್ತದೆ ಅನ್ನುವ ಧೋರಣೆ. ಪಕ್ಕದಲ್ಲಿ ಮುದುಕರೊಬ್ಬರು ಈಜುತ್ತಿದ್ದರೂ ಮಾತಾಡಿಸುವುದಿಲ್ಲ, ಸುಮ್ನೆ ತಮ್ಮ ಪಾಡಿಗೆ ಕೈಟ್ ಏರಿಸುತ್ತಾರೆ. ನಮ್ಮ ಕಡೆ ಇದು ತಿರುಗುಮುರುಗು. ಗುರುತು ಕಡಿಮೆ, ಮಾತು ಜಾಸ್ತಿ. "ಅಣ್ಣಾರ, ಸ್ವಲ್ಪ ಆ ಕಡೆ ಸರೀರಿ" ಅಂದರೆ ಕೆಲಸ ಆಗುತ್ತದೆ. ಈ ಮಾತಾಡಿಸುವ ಗುಣ ನಮ್ಮ ದೊಡ್ಡ ಆಸ್ತಿ ಅಂತಲೇ ನನ್ನ ನಂಬಿಕೆ. ಆದರೆ ಕೈಟ್ ವಿಷಯದಲ್ಲಿ ಸರಿಯಬೇಕಾದವರು ನೀರಿನಲ್ಲಿ ನಿಂತವರಲ್ಲ, ಕೈಟ್ ಹಿಡಿದವನು.

ಯಾಕೆ ಅಂತ ನಮ್ಮ ಗದಗಿನವರಿಗೆ ಬೇಗ ತಿಳಿಯುತ್ತದೆ. ಕಾರಹುಣ್ಣಿಮೆಗೆ ಪತಂಗ ಹಾರಿಸುವಾಗ ಮಾಂಜಾ ದಾರ ಬೈಕ್ ಮೇಲೆ ಹೋಗುವವರ ಕುತ್ತಿಗೆಗೆ ಸಿಕ್ಕಿದರೆ ಏನಾಗುತ್ತದೆ ಅಂತ ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಕೈಟ್‌ಸರ್ಫಿಂಗ್ ದಾರಕ್ಕೆ ಗಾಜಿನ ಪುಡಿ ಹಚ್ಚಿರುವುದಿಲ್ಲ, ನಿಜ. ಆದರೆ 20ರಿಂದ 25 ಮೀಟರ್ ಉದ್ದದ ನಾಲ್ಕೈದು ತೆಳು ದಾರಗಳು, ಅವುಗಳ ತುದಿಗೆ 9 ಅಥವಾ 12 ಚದರ ಮೀಟರ್ ಕೈಟ್. 15 ನಾಟ್ ಗಾಳಿ ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್ ವೇಗ. ಆ ಗಾಳಿಗೆ ಕೈಟ್ ಒಮ್ಮೆ ಜೋರಾಗಿ ತಿರುಗಿದರೆ ದೊಡ್ಡ ಆಳನ್ನೇ ಮೇಲೆತ್ತುತ್ತದೆ. ಬಿಗಿದ ದಾರ ಮೈಗೆ ಸುತ್ತಿಕೊಂಡರೆ ಚರ್ಮ ಕೊಯ್ಯುತ್ತದೆ. ಪತಂಗದ ಕೆಳಗೆ ಹೋಗುವವರು ಹೇಗೆ ಮೇಲೆ ನೋಡುವುದಿಲ್ಲವೋ, ನೀರಾಟಕ್ಕೆ ಬಂದವರೂ ಹಾಗೇ. ನೋಡಬೇಕಾದ ಕೆಲಸ ಅವರದಲ್ಲ.

ಇನ್ನು ಕೈಟ್‌ನವನಿಗೆ ಕಾಣುವುದೆಷ್ಟು? ಪರ್ತ್ ಆಗಲಿ ಗೋಕರ್ಣ ಆಗಲಿ, ಎರಡೂ ಪಶ್ಚಿಮಕ್ಕೆ ಮುಖ ಮಾಡಿದ ಕಡಲು. ಸಂಜೆ ಆಳದಿಂದ ದಡಕ್ಕೆ ಬರುವಾಗ ಬಿಸಿಲು ಬೆನ್ನಿಗಿರುತ್ತದೆ, ಕಾಣುತ್ತದೆ. ದಡದಿಂದ ಹೊರಗೆ ಹೋಗುವಾಗ ಸೂರ್ಯ ಎದುರಿಗೆ, ನೀರೆಲ್ಲ ಕಣ್ಣು ಕುಕ್ಕುವ ಬೆಳ್ಳಿ. ಈಜುವವರ ಮೈ ನೀರೊಳಗೆ, ಮೇಲೆ ಕಾಣುವುದು ತಲೆ ಮಾತ್ರ. ಅದೂ ಅಲೆ ಇಳಿದಾಗ ಒಂದು ಕ್ಷಣ. ಹಾಗಾಗಿ "ಕಂಡರೆ ತಪ್ಪಿಸ್ತೀನಿ" ಅನ್ನುವ ಮಾತಿಗೆ ಬೆಲೆ ಇಲ್ಲ. ಈಜುವವರು ಇರಬಹುದಾದ ಜಾಗದಿಂದಲೇ ದೂರ ಇರಬೇಕು. ಎರಡು ದಾರದಷ್ಟು ದೂರ, ಅಂದರೆ ಸುಮಾರು 50 ಮೀಟರ್, ತೀರಾ ಕಡಿಮೆ ಅಂದರೂ ಬೇಕು. ಅದರೊಳಗೆ ಜಿಗಿಯುವುದಂತೂ ಬೇಡವೇ ಬೇಡ.

ನಮ್ಮ ಬೀಚ್‌ಗಳ ಸಂಗತಿ ಇನ್ನೂ ಬೇರೆ. ಪರ್ತ್‌ನಲ್ಲಿ ಬೇಸಿಗೆಯ ಮಧ್ಯಾಹ್ನ ನೈಋತ್ಯದಿಂದ ಗಾಳಿ ಬೀಸುತ್ತದೆ. ಸೆಖೆ ಇಳಿಸುತ್ತದೆ ಅಂತ ಜನ ಅದಕ್ಕೆ ಫ್ರೀಮ್ಯಾಂಟಲ್ ಡಾಕ್ಟರ್ ಅಂತಲೇ ಹೆಸರಿಟ್ಟಿದ್ದಾರೆ. ಆ ಗಾಳಿ ಏಳುವ ಹೊತ್ತಿಗೆ ಅಲ್ಲಿನ ಈಜುಗಾರರು ಟವೆಲ್ ಮಡಚಿ ಹೊರಡುತ್ತಾರೆ. ಅವರ ಈಜು ಬೆಳಗ್ಗೆ, ಸಮುದ್ರ ಶಾಂತವಾಗಿದ್ದಾಗ. ನಮ್ಮವರು ಹುಬ್ಬಳ್ಳಿಯಿಂದ ಟೆಂಪೋ ಮಾಡಿಕೊಂಡು ಹೊರಟು, ಊಟ ಮುಗಿಸಿ, ಸೂರ್ಯ ಮುಳುಗುವುದನ್ನು ನೋಡಲು ಬೀಚ್‌ಗೆ ಬರುತ್ತಾರೆ. ನಮ್ಮ ಕಡಲ ಗಾಳಿಯೂ ಅದೇ ಹೊತ್ತಿಗೆ ಜೋರು. ಬೆಳಗ್ಗೆ ಬೇಗ ಹೋಗೋಣ ಅಂದರೆ ಆಗ ಗಾಳಿ ನೆಲದಿಂದ ಕಡಲಿಗೆ. ಅದು ಕೈಟ್‌ನವನನ್ನೇ ಒಳಗೆ ಒಯ್ದುಬಿಡುತ್ತದೆ. ಮಳೆಗಾಲದಲ್ಲಿ ಕಡಲಿಗೆ ಇಳಿಯುವ ಮಾತೇ ಇಲ್ಲ. ಅಂದರೆ ಹೊತ್ತು ಹಂಚಿಕೊಂಡು ಬದುಕಲು ನಮ್ಮಲ್ಲಿ ದಾರಿ ಇಲ್ಲ. ಜಾಗವನ್ನೇ ಹಂಚಿಕೊಳ್ಳಬೇಕು.

ನಮ್ಮವರು ನೀರಿಗಿಳಿಯುವ ರೀತಿಯನ್ನೂ ನೋಡಿ. ಈಜುವವರು ಬೆರಳೆಣಿಕೆ. ಅಜ್ಜಿ, ಸೊಸೆ, ಮೊಮ್ಮಕ್ಕಳು ಎಲ್ಲ ಕೈ ಕೈ ಹಿಡಿದು ಮೊಣಕಾಲು ನೀರಿನಲ್ಲಿ ಸಾಲಾಗಿ ನಿಲ್ಲುತ್ತಾರೆ. ಉಟ್ಟ ಸೀರೆ ತೊಯ್ದು ಭಾರವಾಗಿರುತ್ತದೆ, ಓಡು ಅಂದರೂ ಓಡಲಾಗುವುದಿಲ್ಲ. ಬರೀ ಅಲೆಯಿಂದಲೇ ಎಷ್ಟು ಅಪಾಯ ಅಂತ ಗೊತ್ತಿದೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದ 4 ಹೆಣ್ಣುಮಕ್ಕಳು ನೀರುಪಾಲಾದರು. ಅದೇ ದಡದ ಅಂಚು ಕೈಟ್ ಏರಿಸುವವನಿಗೂ ಬೇಕು. ಮೇಲಾಗಿ ಸಂಜೆಯ ಗಾಳಿ ಕಡಲಿನಿಂದ ದಡಕ್ಕೆ ತಳ್ಳುತ್ತದೆ. ಕೈ ತಪ್ಪಿದ ಕೈಟ್ ನೆಟ್ಟಗೆ ಜನರ ಮೇಲೆಯೇ.

ಕೈ ತಪ್ಪುವುದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹುಡುಗರ ದೊಡ್ಡ ಧೈರ್ಯ ಇರುವುದು ಕ್ವಿಕ್ ರಿಲೀಸ್ ಮೇಲೆ. ಸೊಂಟದ ಮುಂದಿರುವ ಆ ಹಿಡಿಯನ್ನು ತಳ್ಳಿದರೆ ಕೈಟ್‌ನ ಸೆಳೆತ ಸತ್ತು, ಅದು ಒಂದೇ ದಾರದ ಮೇಲೆ ಮಡಚಿ ನೀರಿಗೆ ಬೀಳುತ್ತದೆ. ಲೀಶ್ ಅನ್ನುವ ಗಟ್ಟಿ ಪಟ್ಟಿ ಅದನ್ನು ನಿಮಗೇ ಕಟ್ಟಿಹಾಕಿರುತ್ತದೆ. ಆದರೂ ಎಳೆಯುತ್ತಿದ್ದರೆ ಲೀಶನ್ನೂ ಬಿಡಬೇಕು, ಇಲ್ಲದಿದ್ದರೆ ಸ್ವಂತ ಜೀವಕ್ಕೆ ಕುತ್ತು. ಖಾಲಿ ಬೀಚ್‌ನಲ್ಲಿ ಬಿಟ್ಟರೆ ಹೋದದ್ದು ಕೈಟ್ ಮಾತ್ರ. ಜನರಿರುವ ಬೀಚ್‌ನಲ್ಲಿ ಬಿಟ್ಟರೆ ದಾರ ಎಳೆದುಕೊಂಡು ಅದು ಮಕ್ಕಳ ನಡುವೆ ಹಾಯುತ್ತದೆ. ಹಿಡಿದರೂ ತಪ್ಪು, ಬಿಟ್ಟರೂ ತಪ್ಪು ಅನ್ನುವ ಜಾಗಕ್ಕೆ ಇಳಿಯಲೇಬಾರದು. ಅಳಿಯನಿಗೆ ನನ್ನ ಉತ್ತರ ಇದೇ. ಇದನ್ನು ಹೇಳಲು ಬೋರ್ಡ್ ಬೇಕಾಗಿಲ್ಲ.

ಹಾಗಂತ ಆಟವೇ ಬೇಡ ಅನ್ನುವವನು ನಾನಲ್ಲ. ಉತ್ತರ ಕನ್ನಡದ ಕರಾವಳಿ ಉದ್ದಕ್ಕಿದೆ, ಪ್ರವಾಸಿಗರು ಸೇರುವುದು ಕೆಲವೇ ಕಡೆ. ವಾರದ ದಿನ ಹೋಗಿ, ಜನರಿಂದ ದೂರ ನಡೆಯಿರಿ. ಖಾಲಿ ಕಾಣುವ ದಡವೂ ಯಾರದೋ ಅನ್ನದ ಜಾಗ. ದಡದಿಂದ ಎಳೆಯುವ ದೊಡ್ಡ ರಂಪಣಿ ಬಲೆ ಬಿಟ್ಟಿದ್ದರೆ ಅದರ ಹಗ್ಗ ದೂರದವರೆಗೆ ನೀರಿನಲ್ಲಿರುತ್ತದೆ. ದೋಣಿ, ಒಣಗಲು ಹಾಕಿದ ಮೀನು ಇರುತ್ತವೆ. ಮೀನುಗಾರರನ್ನು ಕೇಳಿಯೇ ಇಳಿಯಿರಿ. ಗಾಳಿ ಯಾವಾಗ ತಿರುಗುತ್ತದೆ ಅಂತಲೂ ಅವರಿಗೇ ಗೊತ್ತು. ಕೈಟ್ ಹಿಡಿಯಲು ಒಬ್ಬ ಗೆಳೆಯ ದಡದಲ್ಲಿರಲಿ. ಆಟ ಮುಗಿದ ಮೇಲೆ ದಾರವನ್ನು ಮರಳ ಮೇಲೆ ಚಾಚಿ ಚಹಾಕ್ಕೆ ಹೋಗಬೇಡಿ, ಅಲ್ಲೇ ಸುತ್ತಿಡಿ. ಕೈಟ್ ಗಾಳಿಗೆ ಏಳದಂತೆ ಮೇಲೆ ಮರಳು ಹಾಕಿ.

ಉಣಕಲ್ ಕೆರೆಯಲ್ಲಿ ಅಭ್ಯಾಸ ಮಾಡೋಣವೇ ಅಂತಲೂ ಒಬ್ಬ ಕೇಳಿದ. ಬೇಡಪ್ಪ. ಸುತ್ತ ಮರ, ಕಟ್ಟಡ, ಕರೆಂಟಿನ ತಂತಿ, ದಂಡೆಯಲ್ಲಿ ವಾಕಿಂಗ್ ಬರುವ ಹಿರಿಯರು. ಅಲ್ಲಿ ಗಾಳಿ ಮುರಿದು ಮುರಿದು ಬರುತ್ತದೆ, ಕೈಟ್ ಯಾವಾಗ ಬೀಳುತ್ತದೆ ಹೇಳಲಾಗದು.

ಮುಂದೊಂದು ದಿನ ಗೋಕರ್ಣದಲ್ಲೋ ಕಾರವಾರದಲ್ಲೋ ಈ ಆಟಕ್ಕೆ ಜಾಗ ಗುರುತಿಸುವುದಾದರೆ ಗಾಳಿ ನೋಡಿ ಗುರುತಿಸಲಿ. ಬೇಸಿಗೆಯ ಸಂಜೆ ನಮ್ಮ ಕಡಲಿಗೆ ಗಾಳಿ ಬರುವುದು ಹೆಚ್ಚಾಗಿ ವಾಯವ್ಯದಿಂದ. ಸ್ನಾನ ಮಾಡುವವರಿಗೆ ಉತ್ತರದ ಭಾಗ ಬಿಟ್ಟು, ಅಲ್ಲಿ ಹಗ್ಗ ಮತ್ತು ತೇಲುವ ಚೆಂಡು ಕಟ್ಟಿ, ಕೈಟ್‌ನವರನ್ನು ಸಾಕಷ್ಟು ದೂರ ದಕ್ಷಿಣಕ್ಕೆ ಕಳಿಸಿದರೆ ತಪ್ಪಿದ ಕೈಟ್ ಜನರಿಂದ ಆಚೆ ಹೋಗುತ್ತದೆ. ನಡುವೆ ಎರಡು ಬಾವುಟ, ಕನ್ನಡದಲ್ಲೊಂದು ಬೋರ್ಡ್ ಸಾಕು, ದೊಡ್ಡ ಖರ್ಚೇನಲ್ಲ.