ಮೈಕ್ ತೂತಿಲ್ಲದ ಕ್ಯಾಮೆರಾ ಬೇಡ ಮಾರಾಯ್ರೆ

ಮಳೆ ಹಿಡಿದು ತೋಟದ ಕೆಲಸ ಸ್ವಲ್ಪ ನಿಂತ್ರೆ ಸಾಕು, ಇನ್‌ಬಾಕ್ಸಲ್ಲಿ ಒಂದೇ ಪ್ರಶ್ನೆ. "ಅಣ್ಣಾ, ಯೂಟ್ಯೂಬ್ ಚಾನೆಲ್ ಶುರು ಮಾಡ್ಬೇಕು, ಬಜೆಟ್ 40 ಸಾವಿರ, 4ಕೆ ಇರೋ ಕ್ಯಾಮೆರಾ ಯಾವ್ದು ತಗೊಳ್ಲಿ?" ಹೋಂಸ್ಟೇ ನಡೆಸೋರು, ಕಾಫಿ-ಮೆಣಸಿನ ವಿಡಿಯೋ ಮಾಡೋ ಹುಡುಗ್ರು, ಅಜ್ಜಿ ಕೈಲಿ ಪಂದಿಕರಿ ಕಡಂಬುಟ್ಟು ಮಾಡಿಸಿ ಅಡುಗೆ ಚಾನೆಲ್ ತೆಗೀಬೇಕು ಅಂತ ಹೊರಟೋರು, ಎಲ್ರಿಗೂ 4ಕೆ ಬೇಕು. ಮೈಕ್ ಬಗ್ಗೆ ಒಬ್ರೂ ಕೇಳಲ್ಲ.

ಅಂಗಡಿಯವ್ರು ಕ್ಯಾಮೆರಾ ಕೈಗೆ ಕೊಟ್ಟ ತಕ್ಷಣ ಮೆಗಾಪಿಕ್ಸೆಲ್ ಎಷ್ಟು ಅಂತ ಕೇಳೋ ಬದ್ಲು ಪಕ್ಕದಲ್ಲಿರೋ ರಬ್ಬರ್ ಮುಚ್ಚಳ ತೆಗೆದು ನೋಡಿ, 3.5 ಎಂಎಂ ಮೈಕ್ ಜ್ಯಾಕ್ ಇದ್ಯಾ ಅಂತ. ಇಲ್ಲ ಅಂದ್ರೆ ಥ್ಯಾಂಕ್ಸ್ ಹೇಳಿ ವಾಪಸ್ ಕೊಡಿ. ಚಿತ್ರ ಸ್ವಲ್ಪ ಮಂಜಾಗಿದ್ರೂ ಜನ ನೋಡ್ತಾರೆ, ಮಾತು ಕೇಳಿಸ್ಲಿಲ್ಲ ಅಂದ್ರೆ ಹತ್ತು ಸೆಕೆಂಡಲ್ಲಿ ಮುಂದಿನ ವಿಡಿಯೋಗೆ ಹೋಗ್ತಾರೆ. ಅದ್ರಲ್ಲೂ ನಮ್ಮ ಕೊಡಗಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಶೀಟ್ ಮೇಲೆ ಮಳೆ, ಮಳೆ ಬಿಟ್ರೆ ಜೀರುಂಡೆ, ಅದೂ ಬಿಟ್ರೆ ಪಕ್ಕದ ತೋಟದಲ್ಲಿ ಕಳೆ ಹೊಡೆಯೋ ಮೆಷಿನ್. ಕ್ಯಾಮೆರಾದ ಸ್ವಂತ ಮೈಕು ಇವೆಲ್ಲವನ್ನೂ ಚೆನ್ನಾಗಿ ಹಿಡಿಯುತ್ತೆ, ಅಜ್ಜಿ ಹೇಳೋದನ್ನ ಬಿಟ್ಟು.

ಈಗ ಬಿಗಿನರ್ ಅಂದ ಕೂಡ್ಲೆ ಎಲ್ರೂ ತೋರ್ಸೋದು ಕೆನಾನ್ 1500ಡಿ. ಎರಡು ಲೆನ್ಸು, ಬ್ಯಾಗು, ಕಾರ್ಡು ಎಲ್ಲ ಸೇರ್ಸಿ ಕಾಂಬೋ ಆಫರ್. ಫೋಟೋ ಕಲಿಯೋಕೆ ಒಳ್ಳೇ ಕ್ಯಾಮೆರಾನೇ, ಅದ್ರಲ್ಲಿ ನಂದೇನೂ ತಕರಾರಿಲ್ಲ. ಆದ್ರೆ ವಿಡಿಯೋಗೆ? ಮೈಕ್ ಜ್ಯಾಕ್ ಇಲ್ಲ, ಸ್ಕ್ರೀನ್ ತಿರುಗಲ್ಲ, ವಿಡಿಯೋ ತೆಗೀವಾಗ ನಿಮ್ಮ ಮುಖಕ್ಕೆ ತಾನಾಗೇ ಫೋಕಸ್ ಹಿಡ್ಕೊಂಡು ಬರೋ ಡ್ಯುಯಲ್ ಪಿಕ್ಸೆಲ್ ಇಲ್ಲ. ಅದೇ ಕಂಪನಿದು 200ಡಿ ಸೆಕೆಂಡ್‌ ಹ್ಯಾಂಡಲ್ಲಿ ಸಿಕ್ರೆ ಈ ಮೂರೂ ಇರುತ್ತೆ. 2017ರ ಮಾಡೆಲ್ಲು, ಹಳೇದು ಅಂತ ಮೂಗು ಮುರೀಬೇಡಿ.

4ಕೆ ಹುಚ್ಚಿನ ವಿಷ್ಯಕ್ಕೆ ಬರ್ತೀನಿ. ಕೆನಾನ್‌ದೇ 200ಡಿ ಮಾರ್ಕ್ 2, ಎಂ50 ಇವೆಲ್ಲ ಡಬ್ಬದ ಮೇಲೆ 4ಕೆ ಅಂತ ಹಾಕ್ಕೊಂಡು ಬಂದ ಕ್ಯಾಮೆರಾಗಳು. 4ಕೆ ಆನ್ ಮಾಡಿ ನೋಡಿ, ಫ್ರೇಮ್ ಜೋರಾಗಿ ಕ್ರಾಪ್ ಆಗುತ್ತೆ, ಅಂದ್ರೆ ಸುತ್ತಲಿನ ಅಂಚು ಕಟ್ ಆಗುತ್ತೆ, ಡ್ಯುಯಲ್ ಪಿಕ್ಸೆಲ್ ಫೋಕಸ್ ಕೆಲಸ ಮಾಡಲ್ಲ, ಆಮೇಲೆ ನೀವೇ ಫುಲ್ ಎಚ್‌ಡಿಗೆ ವಾಪಸ್ ಬರ್ತೀರಿ. ನಿಜವಾಗ್ಲೂ ನೆಟ್ಟಗೆ 4ಕೆ ಕೊಡೋ ಕ್ಯಾಮೆರಾ ತಗೊಂಡ್ರಿ ಅಂದ್ಕೊಳ್ಳಿ, ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ಒಂದು ಗಂಟೆಗೆ 45 ಜಿಬಿ ಆಗುತ್ತೆ. ಅದನ್ನ ಎಡಿಟ್ ಮಾಡೋಕೆ ಲ್ಯಾಪ್‌ಟಾಪ್ ಬೇರೆ ಬೇಕು, ಆಮೇಲೆ ತೋಟದ ಮನೇಲಿ ಕೂತು ಅಪ್‌ಲೋಡ್ ಮಾಡಿ ನೋಡೋಣ, ಕರೆಂಟ್ ಇದ್ರೆ ಟವರ್ ಇಲ್ಲ, ಟವರ್ ಬಂದ್ರೆ ಕರೆಂಟ್ ಇಲ್ಲ. ನೋಡೋರು ನೋಡೋದು ಬಸ್ಸಲ್ಲಿ ಕೂತು ಮೊಬೈಲಲ್ಲಿ. ಫುಲ್ ಎಚ್‌ಡಿ ಧಾರಾಳ ಸಾಕು.

ಹಾಗಾದ್ರೆ ದುಡ್ಡು ಎಲ್ಲಿಗೆ ಹಾಕ್ಬೇಕು? ಕೈಯಲ್ಲಿರೋ ಫೋನ್ ಸುಮಾರಾಗಿ ಒಳ್ಳೇದಿದ್ರೆ ಮೊದಲ ಆರು ತಿಂಗಳು ಅದ್ರಲ್ಲೇ ಮಾಡಿ, ಒಂದು ವೈರಿನ ಕಾಲರ್ ಮೈಕು, ಗಟ್ಟಿ ಟ್ರೈಪಾಡು ಇಷ್ಟೇ ತಗೊಳ್ಳಿ. ಬೋಯಾ ಬಿವೈ-ಎಂ1 ಅಂತ ಬರುತ್ತಲ್ಲ, 6 ಮೀಟರ್ ವೈರಿಂದು, ಸಾವಿರ ರೂಪಾಯಿ ಆಚೀಚೆ, ಅದೇ ಸಾಕು. ಅದ್ರ ವೈರಲ್ಲಿರೋ ಸಣ್ಣ ಡಬ್ಬಿಯಲ್ಲಿ ಒಂದು ಸ್ವಿಚ್ ಇದೆ, ಫೋನಿಗೆ ಒಂದು ಕಡೆ, ಕ್ಯಾಮೆರಾಗೆ ಇನ್ನೊಂದು ಕಡೆ. ಕ್ಯಾಮೆರಾ ಕಡೆ ಹಾಕಿದ್ರೆ ಒಳಗಿರೋ ಎಲ್‌ಆರ್44 ಬಟನ್ ಸೆಲ್ ಬೇಕು, ಮುಗಿದ ಮೇಲೆ ಸ್ವಿಚ್ ವಾಪಸ್ ಫೋನ್ ಕಡೆ ಹಾಕಿ ಆಫ್ ಮಾಡ್ದೆ ಬ್ಯಾಗಿಗೆ ತುರುಕಿದ್ರೆ ಮುಂದಿನ ಸಲ ಸೆಲ್ ಸತ್ತಿರುತ್ತೆ. ಒಂದೆರಡು ಸೆಲ್ ಪರ್ಸಲ್ಲೇ ಇಟ್ಕೊಳ್ಳಿ. ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ಸೆರಗು ಉಜ್ಜದ ಹಾಗೆ. ಹೊಸ ಫೋನಲ್ಲಿ ಇಯರ್‌ಫೋನ್ ತೂತೇ ಇಲ್ಲ ಅಂದ್ರೆ ಟೈಪ್-ಸಿ ಕನ್ವರ್ಟರ್ ಒಂದು ಬೇಕಾಗುತ್ತೆ.

ಇನ್ನೊಂದು, ಸೌಂಡ್ ಲೆವೆಲ್ ಆಟೋಮ್ಯಾಟಿಕ್‌ನಲ್ಲಿ ಬಿಡ್ಬೇಡಿ. ನಮ್ಮ ಆಯುಧ ಹಬ್ಬ ಕೈಲ್‌ಪೊದಿಗೆ ತೆಂಗಿನಕಾಯಿಗೆ ಗುಂಡು ಹೊಡೆಯೋದನ್ನ ಶೂಟ್ ಮಾಡ್ತೀರಲ್ಲ, ಒಂದು ಢಂ ಅಂದ ಕೂಡ್ಲೆ ಆಟೋ ಲೆವೆಲ್ ಪೂರ್ತಿ ಕೆಳಗಿಳಿದು ಆಮೇಲೆ ಮೆಲ್ಲ ಮೇಲೆ ಬರುತ್ತೆ, ಅಷ್ಟರಲ್ಲಿ ಎಲ್ರೂ ನಕ್ಕಿದ್ದು, ಯಾರೋ ಒಬ್ರು "ಇವನ ಗುರಿ ನೋಡಪ್ಪ" ಅಂದಿದ್ದು ಎಲ್ಲ ಹೋಗಿರುತ್ತೆ. ಮ್ಯಾನುಯಲ್‌ಗೆ ಹಾಕಿ ಲೆವೆಲ್ ಸ್ವಲ್ಪ ಕೆಳಗೇ ಇಡಿ. ಮದುವೆ ವಾಲಗಕ್ಕೂ ಅಷ್ಟೇ.

ಬೆಳಕು ನಮ್ಮ ಎರಡನೇ ತಲೆನೋವು. ಮಟಮಟ ಮಧ್ಯಾಹ್ನ ಕೂಡ ರೋಬಸ್ಟಾ ತೋಟದೊಳಗೆ ಅರ್ಧ ಕತ್ತಲೆ, ಮರದ ಸಂದಿಲಿ ಬೀಳೋ ಬಿಸಿಲು ಮಾತ್ರ ಬೆಳ್ಳಗೆ ಸುಟ್ಟಂಗೆ ಕಾಣುತ್ತೆ. ಸೆನ್ಸರ್, ಅಂದ್ರೆ ಬೆಳಕು ಹಿಡಿಯೋ ಚಿಪ್, ಅದ್ರ ಸೈಜ್ ನೋಡಿ ಅಂತ ಹೇಳೋದು ಇದಕ್ಕೇ. 200ಡಿ ಥರದ ಕ್ಯಾಮೆರಾಲಿರೋ ಎಪಿಎಸ್-ಸಿ ಸೆನ್ಸರ್ ಅಂದ್ರೆ ಹತ್ತಿರ ಹತ್ತಿರ 23.5 ಇಂಟು 15.6 ಎಂಎಂ, ಕೆನಾನ್‌ದು ಸ್ವಲ್ಪ ಚಿಕ್ಕದು. ಒಂದು ಇಂಚಿನ ಸೆನ್ಸರ್ ಅಂತಾರಲ್ಲ, ಅದು 13.2 ಇಂಟು 8.8, ಅಂದ್ರೆ ಮೂರನೇ ಒಂದು ಭಾಗ ಜಾಗ. ಹ್ಯಾಂಡಿಕ್ಯಾಮಿನ ಸೆನ್ಸರ್ ಅದಕ್ಕಿಂತ್ಲೂ ಎಷ್ಟೋ ಚಿಕ್ಕದು, ಸಂಜೆ ಐದೂವರೆ ಆದ್ರೆ ಚಿತ್ರದಲ್ಲಿ ರವೆ ಉದುರಿಸಿದ ಹಾಗೆ ಕಾಳು ಕಾಳು. ಸುಗ್ಗಿ ಹಬ್ಬ ಪುತ್ತರಿಗೆ ರಾತ್ರಿ ಗದ್ದೆಯಲ್ಲಿ ಕದಿರು ತೆಗೆಯೋದನ್ನ ಅದ್ರಲ್ಲಿ ತೆಗೆದ್ರೆ ಏನು ಕಾಣುತ್ತೆ ಹೇಳಿ.

ಆದ್ರೆ ಹ್ಯಾಂಡಿಕ್ಯಾಮ್ ವೇಸ್ಟ್ ಅನ್ನೋರ ಮಾತನ್ನೂ ನಾನು ಒಪ್ಪಲ್ಲ. ಕೊಡವ ಕುಟುಂಬಗಳ ಹಾಕಿ ಟೂರ್ನಿ, 1997ರಲ್ಲಿ ಕರಡದಲ್ಲಿ ಶುರುವಾಗಿದ್ದು, ಅದನ್ನ ಗ್ಯಾಲರಿಯಿಂದ ಶೂಟ್ ಮಾಡ್ಬೇಕು ಅನ್ನೋರಿಗೆ ಸೋನಿ ಸಿಎಕ್ಸ್405 ಥರದ್ದು ಹಳೇದೊಂದು ಸಿಕ್ರೆ ಸಾಕು. 30 ಪಟ್ಟು ಆಪ್ಟಿಕಲ್ ಝೂಮು, ಹಗಲು ಬೆಳಕು, ಇನ್ನೇನು ಬೇಕು? ಇಲ್ಲಿ ನನ್ನ ಮೈಕ್ ರೂಲೂ ಬೇಡ, ಗ್ಯಾಲರಿ ಗಲಾಟೆನೇ ಚಂದ. 1500ಡಿ, 200ಡಿ ಥರದ ಡಿಎಸ್ಎಲ್ಆರ್ ತಗೊಂಡ್ರೆ ಹೆಚ್ಚಿನವು 29 ನಿಮಿಷ 59 ಸೆಕೆಂಡಿಗೆ ತಾನೇ ನಿಂತ್ಬಿಡುತ್ತೆ, ಯಾಕಂದ್ರೆ ಅರ್ಧ ಗಂಟೆ ದಾಟಿ ರೆಕಾರ್ಡ್ ಮಾಡಿದ್ರೆ ಯುರೋಪಲ್ಲಿ ಅದನ್ನ ವಿಡಿಯೋ ಕ್ಯಾಮೆರಾ ಅಂತ ಲೆಕ್ಕ ಹಾಕಿ ಜಾಸ್ತಿ ಸುಂಕ ಹಾಕ್ತಿದ್ರು. ಅವರ ಸುಂಕಕ್ಕೆ ನಮ್ಮ ಪೆನಾಲ್ಟಿ ಕಾರ್ನರ್ ಮಿಸ್ಸು!

ಹೊಸಬರಿಗೆ ಯಾರೂ ಹೇಳ್ಕೊಡದ ಒಂದು ಸೆಟ್ಟಿಂಗ್ ಇದೆ. ನಮ್ಮ ಕರೆಂಟು 50 ಹರ್ಟ್ಸ್. ಕ್ಯಾಮೆರಾ ಸೆಕೆಂಡಿಗೆ 30 ಫ್ರೇಮಲ್ಲಿ, ಶಟರ್ 1/60 ಸೆಕೆಂಡಲ್ಲಿ ಇದ್ರೆ ಟ್ಯೂಬ್‌ಲೈಟ್ ಕೆಳಗೆ ತೆಗೆದ ವಿಡಿಯೋದಲ್ಲಿ ಕಪ್ಪು ಪಟ್ಟಿ ಓಡಾಡ್ತಾ ಇರುತ್ತೆ. ಮೆನುವಲ್ಲಿ ಪಾಲ್ (PAL) ಅಂತ ಆರಿಸಿ, 25 ಫ್ರೇಮ್, ಶಟರ್ 1/50 ಇಡಿ, ಹೋಗುತ್ತೆ. ಮಡಿಕೇರಿ ದಸರಾ ದಶಮಂಟಪದ ಲೈಟಿಂಗಿಗೆ ಮಾತ್ರ ಇದೂ ಗ್ಯಾರಂಟಿ ಇಲ್ಲ, ಎಲ್ಇಡಿ ಒಂದೊಂದು ಒಂದೊಂದು ಥರ ಮಿಣುಕುತ್ತೆ, ಸ್ಪಾಟಲ್ಲೇ ಶಟರ್ ಮೇಲೆ ಕೆಳಗೆ ಮಾಡಿ ನೋಡ್ಬೇಕು.

ಬಜೆಟ್ ಸ್ವಲ್ಪ ಎಳೆಯೋಕೆ ಆಗುತ್ತೆ ಅನ್ನೋರಿಗೆ ಸೋನಿ ಝಡ್‌ವಿ-ಇ10, 2021ರದ್ದು, ಸೆಕೆಂಡ್‌ ಹ್ಯಾಂಡ್. ಕೈ ಅಲ್ಲಾಡಿದ್ರೆ ಸಂಭಾಳ್ಸೋಕೆ ಬಾಡಿ ಒಳಗೆ ಸ್ಟೆಬಿಲೈಸೇಶನ್ ಇಲ್ಲ, ನಡ್ಕೊಂಡು ಶೂಟ್ ಮಾಡೋರಿಗೆ ಕಷ್ಟ. ಆದ್ರೂ ನಂಗೆ ಇಷ್ಟ, ಕಾರಣ ತುಂಬಾ ಲೋಕಲ್: ಯುಎಸ್‌ಬಿ ಟೈಪ್-ಸಿ ಇಂದ ಚಾರ್ಜ್ ಆಗುತ್ತೆ. ಜುಲೈಲಿ ಮರ ಬಿದ್ದು ಲೈನ್ ಹೋದ್ರೆ ಪವರ್ ಬ್ಯಾಂಕಲ್ಲೋ ಜೀಪಲ್ಲೋ ಹಾಕ್ಬಹುದು. 200ಡಿ ಬ್ಯಾಟರಿಗೆ ಗೋಡೆ ಚಾರ್ಜರ್ರೇ ಗತಿ, ಅದಕ್ಕೆ ಸ್ಪೇರ್ ಒಂದು ಬೇಕೇ ಬೇಕು.

ಹಳೇದು ತಗೊಳ್ಳೋವಾಗ ಕಾರ್ಡು, ಮೈಕು, ಟಾರ್ಚು ಮೂರೂ ತಗೊಂಡೇ ಹೋಗಿ. ಮೈಕ್ ಸಿಕ್ಕಿಸಿ ವೈರ್ ಸ್ವಲ್ಪ ಅಲ್ಲಾಡಿಸಿ, ರೆಕಾರ್ಡಿಂಗಲ್ಲಿ ಕರಕರ ಬಂದ್ರೆ ಜ್ಯಾಕ್ ಲೂಸ್. ಹತ್ತು ಹದಿನೈದು ನಿಮಿಷ ಬಿಡದೆ ರೆಕಾರ್ಡ್ ಮಾಡಿ, ಮಧ್ಯೆ ನಿಂತ್ಹೋಗುತ್ತಾ ನೋಡಿ. ಲೆನ್ಸ್ ಬಿಚ್ಚಿ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ, ಜೇಡರ ಬಲೆ ಥರ ಸಣ್ಣ ಎಳೆ ಕಂಡ್ರೆ ಅದು ಫಂಗಸ್, ಎಷ್ಟೇ ರೇಟ್ ಇಳಿಸ್ಲಿ ಬೇಡ. ಕೊಡಗಲ್ಲೇ ಇದ್ದ ಕ್ಯಾಮೆರಾ ಅಂದ್ರೆ ಇನ್ನೂ ಸೂಕ್ಷ್ಮವಾಗಿ ನೋಡಿ.

ನೀವು ತಗೊಂಡಿದ್ದಕ್ಕೂ ಅದೇ ಗತಿ ಆಗ್ಬಾರ್ದು ಅಂದ್ರೆ ಬ್ಯಾಗಲ್ಲಿ ಹಾಕಿ ಬೀರುಲಿ ಇಡ್ಬೇಡಿ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬ, ಒಳಗೆ ನೀಲಿ ಸಿಲಿಕಾ ಜೆಲ್, ತೇವ ತೋರ್ಸೋ ಸಣ್ಣ ಮೀಟರ್ ಒಂದು. 40-50 ಪರ್ಸೆಂಟ್ ಒಳಗೆ ಇದ್ರೆ ಆಯ್ತು. ನೀಲಿ ಹೋಗಿ ಗುಲಾಬಿ ಬಣ್ಣ ಬಂದ್ರೆ ಜೆಲ್ ತುಂಬ್ತು ಅಂತ, ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕ್ಬಹುದು, ಅಡುಗೆ ಪಾತ್ರೆಯಲ್ಲಿ ಮಾತ್ರ ಬಿಸಿ ಮಾಡ್ಬೇಡಿ. ಅಕ್ಕಿ ಡಬ್ಬದಲ್ಲಿ ಹೂತಿಡ್ತೀನಿ ಅನ್ನೋರು ಇನ್ನೂ ಇದ್ದಾರೆ, ಅಕ್ಕಿ ಹಿಟ್ಟೆಲ್ಲ ಲೆನ್ಸ್ ಸಂದಿಗೆ ಹೋಗುತ್ತೆ, ಅದೊಂದು ಬೇಡ.